ಹುಲ್ಲಿನ ಲೆಕ್ಕ

ಹೋದ ತಿಂಗಳು ಕಿಬ್ಬನಹಳ್ಳಿ ಕ್ರಾಸಿನ ಹತ್ತಿರ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ತಂಗಿಯ ಮೊಮ್ಮಗಳ ಮದುವೆಯಾಯಿತು. ಊಟ ಮುಗಿಸಿ ಎದ್ದಾಗ ಕೈ ತೊಳೆಯುವ ಜಾಗದಲ್ಲಿ ನೂಕುನುಗ್ಗಲು. ಹಿಂದಿನ ಬಾಗಿಲ ಹತ್ತಿರ ನಲ್ಲಿ ಇದೆ ಅಂದರು, ಹೋದೆ. ಅಲ್ಲಿ ಅಡುಗೆಯವರು ಉಳಿದದ್ದನ್ನೆಲ್ಲ ಒಂದು ದೊಡ್ಡ ನೀಲಿ ಟಬ್ಬಿಗೆ ಸುರಿಯುತ್ತಿದ್ದರು. ಅನ್ನ, ಅದರ ಮೇಲೆ ಪಾಯಸ, ಅದರ ಮೇಲೆ ಹೋಳಿಗೆ ಚೂರು. ಹಿಂದಿನ ದಿನದ ಆರತಕ್ಷತೆಯ ಅನ್ನವೂ ಅದರಲ್ಲಿ ಸೇರಿತ್ತೋ ಏನೋ, ಬಿಸಿಲಿಗೆ ಹುಳಿ ಎದ್ದಿತ್ತು. ಹುಳಿ, ಬೆಲ್ಲ, ಏಲಕ್ಕಿ ಮೂರೂ ಕೂಡಿದ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ಗೋಡೆ ಹಿಡಿದುಕೊಂಡು ನಿಂತೆ.

ಇದು ಎಲ್ಲಿಗೆ ಹೋಗುತ್ತದಪ್ಪ ಅಂತ ಕೇಳಿದೆ. ಪಕ್ಕದ ತೋಟದ ಮನೆಯಲ್ಲಿ ಹಸು ಕಟ್ಟಿದ್ದಾರೆ, ಅದಕ್ಕೆ ಅಂದರು.

ಆ ವಾಸನೆ ನನ್ನ ಮೂಗಿಗೆ ಮೊದಲು ಬಂದದ್ದು ಸಾಯುತ್ತಿದ್ದ ಒಂದು ಹಸುವಿನ ಬಾಯಿಂದ. ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವರು ನಮ್ಮ ಪಕ್ಕದ ಮನೆ ಮೇಷ್ಟ್ರು...

ತಿಪಟೂರಿಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ರೈಲ್ವೆ ಹಳಿಯ ಕಡೆಗಿನ ಬೀದಿ. ಮನೆಮನೆಯ ಅಟ್ಟದ ಮೇಲೂ ಕೊಬ್ಬರಿಗೆ ಬಿಟ್ಟ ಕಾಯಿ. ಮಧ್ಯಾಹ್ನ ಅಡ್ಡಾದರೆ ಮೇಲೆ ಇಲಿ ಓಡಾಡಿ, ಒಣಗಿದ ಕಾಯೊಳಗೆ ಕೊಬ್ಬರಿ ಗುಡುಗುಡು ಅನ್ನುವುದು ಕೇಳುತ್ತಿತ್ತು. ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಮೂರು ಜೀವ: ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು, ಅವರ ಅಕ್ಕ, ಹಿತ್ತಲ ಕೊಟ್ಟಿಗೆಯಲ್ಲಿ ಅಕ್ಕನ ಹಸು.

ಬಿಳಿಗೆರೆ ಕಡೆಯ ಹಳ್ಳಿಯವರು ಅವರು. ಅಕ್ಕ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದರಂತೆ. ಅಷ್ಟರಲ್ಲಿ ಅಪ್ಪ ಅಮ್ಮನೂ ಹೋಗಿ, ಮೊಣಕಾಲುದ್ದದ ತಮ್ಮ ಇವರ ಸೆರಗು ಹಿಡಿದ. ಒಂದು ಹಸು ಇತ್ತು. ಅದರ ಹಾಲು ಮಾರಿ ತಮ್ಮನನ್ನು ಓದಿಸಿದರು. ಆ ಹಸುವಿನ ಮಗಳು, ಮಗಳ ಮಗಳು, ಹೀಗೆ ಒಂದೇ ವಂಶ ಆ ಮನೆಯಲ್ಲಿ ನಡೆದುಕೊಂಡು ಬಂದಿತ್ತು. ಬೆಳಗ್ಗೆ ಅಕ್ಕ ಮೊದಲು ಹಸುವಿಗೆ ಹಾಕುತ್ತಿದ್ದರು, ಆಮೇಲೆ ತಮ್ಮನಿಗೆ, ಉಳಿದರೆ ತಮಗೆ. ನನ್ನ ಮೊದಲ ಮಗು ಬೆಳೆದದ್ದು ಆ ಹಸುವಿನ ಹಾಲಿನಲ್ಲೇ.

ಮೇಷ್ಟ್ರಿಗೆ ಊರು ಇಟ್ಟ ಹೆಸರು ‘ಹುಲ್ಲು ಮೇಷ್ಟ್ರು’. ಹುಲ್ಲು ಹೊಟ್ಟೆಯಲ್ಲಿ ಹೇಗೆ ಕರಗುತ್ತದೆ ಅನ್ನುವುದು ಅವರಿಗೆ ಒಂದು ಹುಚ್ಚು. ಸಂತೆಯಲ್ಲಿ ಹುಲ್ಲಿನ ಹೊರೆ ಇಳಿಸುವವರನ್ನೂ ಬಿಡದೆ ಹಿಡಿದು ನಿಲ್ಲಿಸಿ ಪಾಠ ಹೇಳುತ್ತಿದ್ದರು. ಹುಡುಗರು ಕ್ಲಾಸಿನ ಮೇಜಿನ ಮೇಲೆ ಒಂದು ಹಿಡಿ ಹುಲ್ಲು ಇಟ್ಟು ಅಂಬಾ ಅನ್ನುವರಂತೆ. ಇವರು ಸಿಟ್ಟಾಗದೆ ಅದೇ ಹುಲ್ಲು ಎತ್ತಿಕೊಂಡು ಪಾಠ ಶುರುಮಾಡುವರು. ದೊಡ್ಡ ಮನಸ್ಸು ಅಂದುಕೊಳ್ಳಬೇಡಿ. ಇಟ್ಟವನನ್ನು ಪತ್ತೆ ಮಾಡಿ ಪಾಠ ಮುಗಿಯುವ ತನಕ ನಿಲ್ಲಿಸಿ, ಮೆಲುಕು ಹಾಕುವುದಕ್ಕೂ ಯೋಗ್ಯತೆ ಬೇಕು, ನಿನಗೆ ಅದೂ ಇಲ್ಲ ಅಂತ ಎಲ್ಲರ ಮುಂದೆ ಹೇಳಿ ಕೂರಿಸುತ್ತಿದ್ದರು. ಅವರ ನಾಲಿಗೆ ಹಾಗೆ. ಹೆಣ್ಣು ನೋಡಲು ತುರುವೇಕೆರೆ ಕಡೆ ಹೋದಾಗ, ಹೆಣ್ಣಿನ ತಂದೆ ತಮ್ಮ ಹಿತ್ತಲ ಹಳೇ ಬಣವೆ ತೋರಿಸಿ ಮೀಸೆ ತಿರುವಿದರಂತೆ. ಇದನ್ನು ಹಾಕುವುದೂ ಒಂದೇ, ಎತ್ತಿಗೆ ಹಗ್ಗ ತಿನ್ನಿಸುವುದೂ ಒಂದೇ ಅಂದರಂತೆ ಇವರು. ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಯಾರೂ ಹೆಣ್ಣು ತೋರಿಸಲಿಲ್ಲ.

ನನ್ನ ಮೇಲೆ ಮಾತ್ರ ಅವರಿಗೆ ಕೊಂಚ ವಿಶ್ವಾಸ. ಪಿಯುಸಿವರೆಗೆ ವಿಜ್ಞಾನ ಓದಿ ಮದುವೆಗೆ ಬಿಟ್ಟವಳು ನಾನು. ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಮೊರ ಹಿಡಿದು ಕಲ್ಲು ಆರಿಸುತ್ತಿದ್ದರೆ, ಅವರು ತಮ್ಮ ಜಗಲಿಯಲ್ಲಿ ಒಂದು ತುಂಡು ನಾರಿನ ಹಗ್ಗ ಹಿಡಿದು ಕೂರುವರು. ಪಾಠ ಶುರು.

ಹುಲ್ಲೂ ಅನ್ನವೂ ಒಂದೇ ಸಕ್ಕರೆಯ ಮಣಿ ಪೋಣಿಸಿ ಮಾಡಿದ್ದು ಅನ್ನುತ್ತಿದ್ದರು. ಪೋಣಿಸಿದ ಬಗೆ ಬೇರೆ, ಅಷ್ಟೇ. ಅನ್ನದಲ್ಲಿ ಸರ ಸಡಿಲವಾಗಿ ಸುರುಳಿ ಸುತ್ತಿಕೊಂಡಿರುತ್ತದೆ, ಬೇಯಿಸಿದರಂತೂ ಇನ್ನೂ ಬಿಚ್ಚಿಕೊಂಡು ಬೀಳುತ್ತದೆ. ಯಾರು ಬೇಕಾದರೂ ಎಲ್ಲಿ ಬೇಕಾದರೂ ಕತ್ತರಿಸಬಹುದು. ಹುಲ್ಲಿನಲ್ಲಿ ಸರಗಳು ನೆಟ್ಟಗೆ ಒಂದರ ಮಗ್ಗುಲಿಗೆ ಒಂದು ಮಲಗಿ, ಹಗ್ಗದ ಹಾಗೆ ಬಿಗಿದುಕೊಂಡು, ಮೇಲೆ ಮರದ ಅಂಟು ಬೇರೆ ಮೆತ್ತಿಕೊಂಡಿರುತ್ತವೆ. ಆ ಬಿಗಿದ ಸರಕ್ಕೆ ಸೆಲ್ಯುಲೋಸ್ ಅಂತ ಹೆಸರು. ಅದನ್ನು ಬಿಚ್ಚುವ ಕತ್ತರಿ ನಮ್ಮ ಹತ್ತಿರವೂ ಇಲ್ಲ, ಹಸುವಿನ ಹತ್ತಿರವೂ ಇಲ್ಲ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಬಿಡಾರ ಹೂಡಿರುವ, ಕಣ್ಣಿಗೆ ಕಾಣದ ಜೀವಿಗಳ ಹತ್ತಿರ ಇದೆ. ಆ ಕತ್ತರಿಗೆ ಕಿಣ್ವ ಅನ್ನುತ್ತಾರೆ.

ಕತ್ತರಿಯೂ ಒಂದೇ ಬಗೆಯಲ್ಲವಂತೆ. ತೋಟದ ಆಳುಗಳ ಹಾಗೆ ಕೆಲಸ ಹಂಚಿಕೊಂಡಿರುತ್ತಾರೆ. ಒಬ್ಬ ಹಗ್ಗದ ನಡುವೆ ಸಡಿಲ ಕಂಡ ಕಡೆ ಕತ್ತರಿಸಿ ತುದಿ ಎಬ್ಬಿಸುತ್ತಾನೆ. ಇನ್ನೊಬ್ಬ ಆ ತುದಿ ಹಿಡಿದು ಮಣಿಗಳನ್ನು ಜೋಡಿ ಜೋಡಿಯಾಗಿ ಉದುರಿಸುತ್ತಾ ಸಾಗುತ್ತಾನೆ. ಮತ್ತೊಬ್ಬ ಜೋಡಿಯನ್ನು ಬಿಡಿ ಮಾಡುತ್ತಾನೆ. ಈ ಕೊನೆಯವನು ತಡ ಮಾಡಿದರೆ ಜೋಡಿಗಳು ಗುಡ್ಡೆ ಬಿದ್ದು, ಉದುರಿಸುವವನ ಕೈ ಕಟ್ಟಿಹೋಗುತ್ತದೆ.

ಹಾಗಾದರೆ ಆಳು ಜಾಸ್ತಿ ಹಾಕಿದರಾಯಿತು ಅಂತ ನಾನು ಅಂದೆ. ಮೇಷ್ಟ್ರು ಆವತ್ತು ಬೈಯಲಿಲ್ಲ. ಹಗ್ಗದ ತುಂಡು ನನ್ನ ಮೊರದೊಳಕ್ಕೆ ಹಾಕಿ, ಬಿಚ್ಚು ನೋಡೋಣ ಅಂದರು. ಉಗುರಿನಲ್ಲಿ ಕೆದಕಿದೆ. ತುದಿ ಸಿಗಲಿಲ್ಲ.

“ನೋಡ್ದಾ? ಕತ್ತರಿ ಮೊಂಡು ಅಂತ ನಿಧಾನ ಅಲ್ಲ ಕಣಮ್ಮ. ಹಿಡ್ಕಳಕ್ಕೆ ತುದಿ ಸಿಗಲ್ಲ, ಅದಕ್ಕೇ ನಿಧಾನ. ಊರೋರೆಲ್ಲ ಬಂದು ಸುತ್ತ ಕೂತ್ರೂ ಅಷ್ಟೇಯ.”

ಅದಕ್ಕೇ ಹಸು ಮೆಲುಕು ಹಾಕುವುದು, ಅಗಿದು ಅಗಿದು ತುದಿ ಎಬ್ಬಿಸುವುದಕ್ಕೆ. ಹುಲ್ಲು ನಿಧಾನವಾಗಿ ಕರಗುವುದೇ ಹಸುವಿಗೆ ಕ್ಷೇಮ. ಆ ಜೀವಿಗಳಿಗೆ ಹುಳಿ ಆಗದು. ಅನ್ನ ಒಂದು ಹಿಡಿ ಹಾಕಿದರೆ ಚಿಂತೆಯಿಲ್ಲ. ಗುಡಾಣದಷ್ಟು ಸುರಿದರೆ ಅದನ್ನು ತಿನ್ನುವ ಬೇರೆ ಜೀವಿಗಳು ಹೊಟ್ಟೆ ತುಂಬ ಹುಟ್ಟಿಕೊಂಡು ಎಲ್ಲವನ್ನೂ ಹುಳಿ ಮಾಡಿಬಿಡುತ್ತವೆ. ಹುಲ್ಲಿನ ಆಳುಗಳು ಸಾಯುತ್ತಾರೆ, ಹಿಂದೆಯೇ ಹಸು ಸಾಯುತ್ತದೆ. ಇದನ್ನು ಅವರು ಎಷ್ಟು ಸಲ ಹೇಳಿದ್ದಾರೋ... ಗೋಡೆಯಾಚೆ ಅಕ್ಕನಿಗೆ ಕೇಳಲಿ ಅಂತ ಜೋರಾಗಿಯೇ ಹೇಳುತ್ತಿದ್ದರು. ಅಕ್ಕ ಹಸುವಿನ ಕಲಗಚ್ಚಿಗೆ ಉಳಿದ ಅನ್ನ ಕಲಸುತ್ತಾ, ಬುಡು, ಇವನಿಗಿಂತ ಮುಂಚಿಂದ ಹಸ ಮೇಯಿಸ್ತಾ ಇವ್ನಿ, ಅನ್ನುತ್ತಿದ್ದರು.

ಒಂದು ಸಂಕ್ರಾಂತಿಗೆ ಆ ಮಾತು ಬೀದಿಗೆ ಬಿತ್ತು. ಹಸುವಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಅಕ್ಕ ಒಂದು ಬೋಗುಣಿ ತುಂಬ ಸಿಹಿ ಹುಗ್ಗಿ ತಂದು ಜಗಲಿಯ ಮುಂದೆ ಇಟ್ಟರು. ಬೀದಿಯ ಹೆಂಗಸರೆಲ್ಲ ಅರಿಸಿನ ಕುಂಕುಮ ಹಿಡಿದು ನಿಂತಿದ್ದೆವು. ಒಳಗಿಂದ ಬಂದ ಮೇಷ್ಟ್ರು ಬೋಗುಣಿಯನ್ನು ಕಾಲಲ್ಲಿ ಒದ್ದರು. ಹುಗ್ಗಿ ಮಣ್ಣಿಗೆ ಚೆಲ್ಲಿತು. ದಡ್ಡಿ, ನಿನ್ನಂಥವಳ ಕೈಲಿ ಸಿಕ್ಕ ಪ್ರಾಣಿ ಬದುಕಿರುವುದೇ ಪವಾಡ ಅಂತ ಕೂಗಿದರು. ಹಬ್ಬದ ದಿನ ಅನ್ನಕ್ಕೆ ಕಾಲು.

ಅಕ್ಕ ಬಗ್ಗಿ, ಚೆಲ್ಲಿದ್ದನ್ನು ಕೈಯಲ್ಲಿ ಬಳಿದು ಬೋಗುಣಿಗೆ ತುಂಬಿಕೊಂಡರು. ಆಮೇಲೆ ಬೀದಿಯ ಕಡೆ ತಿರುಗಿ ಸಾವಕಾಶವಾಗಿ ಹೇಳಿದರು. “ನೋಡ್ರವ್ವಾ, ಇವನಿಗೆ ಒಂದು ಹೆಣ್ಣೂ ಕೊಡನಿಲ್ಲ, ಯಾಕೆ ಅಂತ ಕೇಳ್ತಿದ್ರಲ್ಲ. ಮನುಷ್ಯರು ಯಾರೂ ಒಪ್ನಿಲ್ಲ, ಅದಕ್ಕೇ ಹಸೀಗೆ ಗಂಡಾಗಕ್ಕೆ ಬಂದವ್ನೆ.”

ಬೀದಿಗೆ ಬೀದಿಯೇ ನಕ್ಕಿತು. ಕೊಬ್ಬರಿ ಮಂಡಿ ಮನೆಯ ಯಜಮಾನಿಯಂತೂ ಕಣ್ಣು ಒರೆಸಿಕೊಂಡು ನಕ್ಕರು. ಮೇಷ್ಟ್ರ ಮುಖ ಸುಣ್ಣದ ಹಾಗಾಯಿತು. ಇನ್ನು ನಿನ್ನ ಕೊಟ್ಟಿಗೆ ವಿಷಯಕ್ಕೆ ನನ್ನ ಬಾಯಿಂದ ಒಂದು ಮಾತು ಬಂದರೆ ಕೇಳು ಅಂದು ಒಳಗೆ ಹೋದರು. ಆ ಮಾತು ಉಳಿಸಿಕೊಂಡರು... ಉಳಿಸಿಕೊಳ್ಳದಿದ್ದರೆ ಚೆನ್ನಾಗಿತ್ತು.

ಅದೇ ಬೇಸಿಗೆಯಲ್ಲಿ ಮಂಡಿ ಮನೆಯ ಮಗಳ ಮದುವೆ. ಕೊಬ್ಬರಿ ವ್ಯಾಪಾರದ ದೊಡ್ಡ ಮನೆ ಅದು, ನಮ್ಮ ಬೀದಿಯ ತುದಿಯಲ್ಲೇ. ಬೀದಿಯ ಅಗಲಕ್ಕೂ ಗರಿ ಚಪ್ಪರ. ಪಾಯಸಕ್ಕೆ ಅಕ್ಕನ ಹಸುವಿನ ಹಾಲೆಲ್ಲ ಅವರಿಗೇ ಬೇಕು ಅಂದಿದ್ದರು. ಅಕ್ಕ ಬೀದಿಯ ಉಳಿದ ಮನೆಗಳಿಗೆ ತಪ್ಪಿಸಿ ಅಲ್ಲಿಗೆ ಸುರಿದರು. ಆದರೆ ಧಾರೆಯ ಹೊತ್ತಿಗೆ ಅಕ್ಕ ಸೆರಗು ಹೊದ್ದು ಚಪ್ಪರದೊಳಗೆ ಕಾಲಿಟ್ಟಾಗ, ಯಜಮಾನಿ ತಾವೇ ಎದ್ದು ಬಂದು, ಒಳಗೆ ಎಲೆ ಒರೆಸೋರು ಸಾಲದು, ಅಲ್ಲಿ ಸ್ವಲ್ಪ ಕೈ ಹಾಕು ಅಂದರು. ಗಂಡ ಸತ್ತವಳು ಎದುರಿಗೆ ಇರಬಾರದು ಅನ್ನುವುದನ್ನು ಅಷ್ಟು ಸಿಹಿಯಾಗಿ ಹೇಳುವ ವಿದ್ಯೆ ಕೆಲವರಿಗೆ ಇರುತ್ತದೆ. ಅಕ್ಕ ಹಿತ್ತಲಲ್ಲಿ ಎಲೆ ಒರೆಸಿದರು. ತಮ್ಮ ಹಸುವಿನ ಹಾಲಿನ ಪಾಯಸ ಕೊನೆಯ ಪಂಕ್ತಿಯ ಹೊತ್ತಿಗೆ ಮುಗಿದಿತ್ತೆಂದು ಬರೀ ಸಾರನ್ನ ಉಂಡರು.

ಸಂಜೆಗೆ ಯಜಮಾನಿಗೆ ಏನನ್ನಿಸಿತೋ. ಒಲೆಯ ಹಿಂದೆ ಮತ್ತೊಂದು ಕೊಳದಪ್ಪಲೆ ಪಾಯಸ ಮರೆತು ಉಳಿದಿದ್ದು ಸಿಕ್ಕಿತ್ತು, ಅನ್ನವಂತೂ ಕುಪ್ಪೆ ಕುಪ್ಪೆ. ಎಲ್ಲ ಒಂದು ಟಬ್ಬಿಗೆ ತುಂಬಿಸಿ, ಇಬ್ಬರು ಆಳುಗಳ ಕೈಯಲ್ಲಿ ಹೊರಿಸಿ, ನಿನ್ನ ಹಸೂನೂ ನಮ್ಮನೆ ಮದುವೆ ಊಟ ಉಣ್ಣಲಿ ಅಂತ ಕಳಿಸಿದರು. ಅಕ್ಕನ ಮುಖ ನೋಡಬೇಕಿತ್ತು. ಆಳುಗಳ ಮುಂದೆ ಮುಂದೆ ನಡೆದು ಬಂದರು, ಬಾಗಿನ ತರುವವರ ಹಾಗೆ. ಇಡೀ ಮದುವೆಯಲ್ಲಿ ಆ ಮನೆಯಿಂದ ಕರೆ ಬಂದದ್ದು ಹಸುವಿಗೊಂದೇ.

ಮೇಷ್ಟ್ರು ಜಗಲಿಯ ಮೇಲೆ ಈಸಿಚೇರಿನಲ್ಲಿ ಪೇಪರ್ ಹಿಡಿದು ಕೂತಿದ್ದರು. ಹಿತ್ತಲಿಗೆ ಹೋಗಬೇಕಾದರೆ ಜಗಲಿ ದಾಟಿ ನಡುಮನೆಯಿಂದಲೇ ಹೋಗಬೇಕು. ಟಬ್ಬು ಹತ್ತಿರ ಬಂದಾಗ ಅವರು ಅದನ್ನು ನೋಡಿದರು, ಅದರೊಳಗಿನದನ್ನೂ ನೋಡಿದರು. ಆಮೇಲೆ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಮಗುವನ್ನು ಎತ್ತಿಕೊಂಡು ಚಪ್ಪರ ತೋರಿಸುತ್ತಿದ್ದ ನಾನು ನಮ್ಮ ಬಾಗಿಲಿಂದ ನೋಡಿದ್ದು ಅಷ್ಟು. ಟಬ್ಬಿನಲ್ಲಿ ಏನಿದೆ, ಯಾರಿಗೆ ಅನ್ನುವುದು ನನಗೆ ತಿಳಿದದ್ದು ಮಾರನೆಯ ದಿನ.

ಮಾರನೆಯ ಬೆಳಗ್ಗೆ ಹಾಲಿಗೆ ಹೋದೆ. ಅಕ್ಕ ಕೊಟ್ಟಿಗೆಯಿಂದ ಓಡಿ ಬರುತ್ತಿದ್ದರು. ಮೇಷ್ಟ್ರು ಬಚ್ಚಲ ಕಲ್ಲಿನ ಹತ್ತಿರ ಬೇವಿನ ಕಡ್ಡಿ ಅಗಿಯುತ್ತಾ ನಿಂತಿದ್ದರು. “ಲೋ, ಮೆಲುಕು ಹಾಕ್ತಿಲ್ಲ ಕಣ್ಲಾ. ಹೊಟ್ಟೆ ತಮಟೆ ಆಗದೆ. ಓದಿದೋನಲ್ವಾ, ಏನಾಗದೆ ನೋಡು ಬಾರ್ಲಾ.” ಅಕ್ಕ ತಮ್ಮನನ್ನು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಷ್ಟ್ರು ಬಾಯಿ ಮುಕ್ಕಳಿಸಿ ಉಗಿದರು. ಇದಕ್ಕಾಗಿಯೇ ರಾತ್ರಿಯೆಲ್ಲ ಕಾದವರ ಹಾಗೆ, ಅಕ್ಕನ ಮುಖವನ್ನೇ ನೋಡುತ್ತಾ ಹೇಳಿದರು. “ಈಗ ಕೇಳ್ತೀಯಾ? ನೆನ್ನೆ ಟಬ್ಬು ಒಳಕ್ಕೆ ಹೋಗೋವಾಗ ನಾನು ಅಲ್ಲೇ ಕೂತಿದ್ದೆ. ಸಾಯೋ ಅಷ್ಟು ಅದೆ ಅಂತ ಗೊತ್ತಿತ್ತು. ನೋಡ್ತಾನೇ ಇದ್ದೆ.”

ಅಕ್ಕನ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು ಅಂತ ಬರೆದರೆ ಚೆಂದ ಕಾಣುತ್ತದೆ, ಆದರೆ ಬೀಳಲಿಲ್ಲ. ಅದನ್ನು ಕಟ್ಟೆಯ ಮೇಲೆ ಜೋಪಾನವಾಗಿ ಇಟ್ಟು, ಕೊಟ್ಟಿಗೆಗೆ ವಾಪಸ್ಸು ಹೋದರು.

ಅವರ ಹಿಂದೆಯೇ, ಗೆದ್ದವರ ನಡಿಗೆಯಲ್ಲಿ, ಮೇಷ್ಟ್ರೂ ಹೋದರು. ಬಾಗಿಲಲ್ಲೇ ನಿಂತುಬಿಟ್ಟರು. ಹಸು ಆಗಲೇ ಮಲಗಿತ್ತು. ಹಲ್ಲು ಕಡಿಯುವ ಸದ್ದು, ಹಿಂದೆಲ್ಲ ನೀರು ನೀರಾದ ಸಗಣಿ. ಕಣ್ಣು ಒಳಕ್ಕೆ ಸೇದಿಕೊಂಡಿತ್ತು. ಮೇಷ್ಟ್ರ ಮುಖದಲ್ಲಿದ್ದ ಗೆಲುವು ಅಲ್ಲೇ ಇಳಿಯಿತು. ಅವರು ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ, ಆವತ್ತು ಪಂಚೆ ಎತ್ತಿ ಕಟ್ಟಿ ಅಂಗಡಿಗೆ ಓಡಿದರು. ಅಡುಗೆ ಸೋಡ ತಂದು ನೀರಿನಲ್ಲಿ ಕದಡಿ, ಬಿದಿರಿನ ಗೊಟ್ಟದಲ್ಲಿ ಹಸುವಿನ ಗಂಟಲಿಗೆ ಹೊಯ್ದರು. ಹೊಯ್ದದ್ದೆಲ್ಲ ಕಟಬಾಯಲ್ಲಿ ಆಚೆಗೆ ಬಂತು. ಬೀದಿಯ ಟೈಲರ್ ಸಾಬರು ಸೈಕಲ್ ತುಳಿದು ದನದ ಡಾಕ್ಟರನ್ನು ಕರೆತಂದರು. ಡಾಕ್ಟರು ಕೈಯಿಟ್ಟು ನೋಡಿ, ಹೊಟ್ಟೆಯಲ್ಲಿ ಕರು ಬೇರೆ ಇದೆಯಲ್ಲ ಅಂದು ತಲೆ ಕೆಳಗೆ ಹಾಕಿದರು. ನಿನ್ನೆ ಸಂಜೆಯೇ ಯಾರಾದರೂ ಹೇಳಿದ್ದರೆ ಏನಾದರೂ ಮಾಡಬಹುದಿತ್ತು, ಅಂದರು. ಅಕ್ಕ ಅದನ್ನೂ ಕೇಳಿಸಿಕೊಂಡರು.

ಮಧ್ಯಾಹ್ನ ಮಂಡಿ ಮನೆಯ ಮುಂದೆ ಹೆಣ್ಣು ಕಳಿಸಿಕೊಡುವ ವಾಲಗ ಶುರುವಾಯಿತು. ಇತ್ತ ಮೇಷ್ಟ್ರ ತೊಡೆಯ ಮೇಲೆ ಹಸು ಕತ್ತು ಚಾಚಿತು. ಅದರ ಬಾಯಿಂದ ಆ ವಾಸನೆ, ಹುಳಿ, ಬೆಲ್ಲ, ಏಲಕ್ಕಿ... ಅಲ್ಲಿಗೆ ಆ ವಂಶ ಮುಗಿಯಿತು.

ಮಂಡಿ ಮನೆಯಿಂದ ಒಂದು ಮಾತು ಬಂತು. ನಮ್ಮ ಮನೆ ಅನ್ನ ತಿಂದು ಸತ್ತಿತು ಅಂತ ಯಾರೂ ಬಾಯಿ ಬಿಡಬಾರದು, ಮದುವೆ ಮನೆಗೆ ಅಪಶಕುನ. ಯಜಮಾನಿ ನನ್ನ ಅತ್ತೆಯ ಹತ್ತಿರ ಇನ್ನೂ ಒಂದು ಮಾತು ಸೇರಿಸಿದರಂತೆ: ಮುಂಡೆ ಕಟ್ಟಿದ ಹಸು, ಅದಕ್ಕೆ ಒಳ್ಳೇ ಊಟ ದಕ್ಕಲಿಲ್ಲ, ನಾವೇನು ಮಾಡೋಣ.

ಅಕ್ಕ ತಮ್ಮನೊಂದಿಗೆ ಮಾತು ಬಿಟ್ಟರು. ಜಗಳವಿಲ್ಲ, ಅಳುವಿಲ್ಲ. ಮಾತಿಲ್ಲ, ಅಷ್ಟೇ. ಆದರೆ ಅಡುಗೆ ಬಿಡಲಿಲ್ಲ. ಅವರು ಮುದ್ದೆ ಉಣ್ಣುವ ಜನ, ಅನ್ನ ಅಂದರೆ ಕೊನೆಗೆ ಒಂದು ತುತ್ತು. ಹಸು ಸತ್ತ ಮಾರನೆಯ ದಿನದಿಂದ ಆ ಮನೆಯಲ್ಲಿ ಮುದ್ದೆ ತಿರುವುವ ಸದ್ದು ನಿಂತುಹೋಯಿತು. ಎರಡು ಹೊತ್ತೂ ಅನ್ನ. ತಟ್ಟೆಯ ಅಂಚು ಮುಟ್ಟುವ ಹಾಗೆ ಗುಡ್ಡೆ ಹಾಕಿ ತಮ್ಮನ ಮುಂದೆ ಇಟ್ಟು, ಎದುರಿಗೆ ಕಂಬಕ್ಕೆ ಒರಗಿ ಕೂರುತ್ತಿದ್ದರು. ಮುಗಿಯುತ್ತಾ ಬಂದರೆ ಇನ್ನೊಂದು ಕೈ ಹಾಕುತ್ತಿದ್ದರು. ಮೇಷ್ಟ್ರು ಸಾಕು ಅನ್ನುತ್ತಿರಲಿಲ್ಲ. ತಲೆ ಬಗ್ಗಿಸಿ ಪೂರ್ತಿ ಉಣ್ಣುತ್ತಿದ್ದರು. ಸೊಪ್ಪು, ಸಾರು ಕೇಳಿ ಹೋದಾಗಲೆಲ್ಲ ನಾನು ಇದನ್ನು ನೋಡಿದ್ದೇನೆ. ಮೊದಮೊದಲು ಅಕ್ಕನ ಮನಸ್ಸು ಕರಗಿದೆ, ಉಪಚಾರ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಕೆಲವು ವರ್ಷಕ್ಕೆ ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಬಂತು. ಬರೀ ಅನ್ನದಿಂದಲೇ ಬಂತು ಅಂತ ನಾನು ಹೇಳಲಾರೆ, ಅವರ ತಂದೆಗೂ ಇತ್ತಂತೆ. ಡಾಕ್ಟರು ಅಕ್ಕನನ್ನೇ ಕರೆದು, ಅನ್ನ ಕಮ್ಮಿ ಮಾಡಿ, ಮುದ್ದೆ ಕೊಡಿ, ಅಂತ ಬಿಡಿಸಿ ಹೇಳಿದರು. ಮಧ್ಯಾಹ್ನ ನೋಡಿದರೆ ತಟ್ಟೆಯಲ್ಲಿ ಅದೇ ಗುಡ್ಡೆ. ನನಗೆ ತಡೆಯಲಾಗಲಿಲ್ಲ. ಎಷ್ಟಾದರೂ ನಿಮ್ಮ ಕೈಯಲ್ಲಿ ಬೆಳೆದವರಲ್ಲವೇ ಅಕ್ಕ, ಇದು ವಿಷ ಅಂತ ಡಾಕ್ಟರು ಹೇಳಲಿಲ್ಲವೇ ಅಂತ ಕೇಳಿಯೇಬಿಟ್ಟೆ.

ಅಕ್ಕ ಸೌಟು ತೊಳೆಯುತ್ತಿದ್ದರು. ತಿರುಗಲಿಲ್ಲ.

“ಟಬ್ಬು ಒಳಕ್ಕೆ ತರೋವಾಗ ಒಂದು ಸಲ ಅವನ ಮುಖ ನೋಡ್ದೆ ಕಣಮ್ಮ. ಏನಾರ ಅನ್ಲಿ ಅಂತಲೇ ನೋಡ್ದೆ. ಪೇಪರ್ ಎತ್ತಿ ಮುಖಕ್ಕೆ ಹಿಡ್ಕಂಡ. ಅವತ್ತು ಅವನು ನೋಡ್ಕಂಡು ಕೂತಿದ್ದ. ಈಗ ನಾನು ನೋಡ್ಕಂಡು ಕೂತಿವ್ನಿ.”

ಮೇಷ್ಟ್ರು ಎದ್ದು ಹೋಗಬಹುದಿತ್ತು. ಊರಲ್ಲಿ ಹೋಟೆಲುಗಳಿದ್ದವು, ಸಂಬಳ ಬರುತ್ತಿತ್ತು. ಹೋಗಲಿಲ್ಲ. ಈಚೆಗೆ ಒಂದು ಕಡೆ ಓದಿದೆ. ಆ ಮಣಿ ಉದುರಿಸುವ ಕಿಣ್ವವಿದೆಯಲ್ಲ, ಅದು ಸರದ ತುದಿಯನ್ನು ತನ್ನೊಳಗಿನ ಒಂದು ಸುರಂಗಕ್ಕೆ ಎಳೆದುಕೊಂಡು ಮುಂದೆ ಸಾಗುತ್ತದಂತೆ. ದಾರಿಯಲ್ಲಿ ಗಂಟು ಸಿಕ್ಕಿದರೆ ಮುಂದಕ್ಕೂ ಹೋಗಲಾರದು, ಹಿಡಿದದ್ದನ್ನು ಬಿಡಲೂ ಆರದು. ಸುಮ್ಮನೆ ಕಚ್ಚಿಕೊಂಡು ಕೂರುತ್ತದಂತೆ, ಹಿಂದೆ ಬಂದವೂ ಅದರ ಬೆನ್ನಿಗೆ ನಿಲ್ಲುತ್ತವಂತೆ. ಕೆಲಸದ ವೇಗ ಕುಗ್ಗುವುದಕ್ಕೆ ಅದೂ ಒಂದು ಕಾರಣವಂತೆ. ಓದಿ ಪುಸ್ತಕ ಮುಚ್ಚಿದೆ. ಕಂಬಕ್ಕೆ ಒರಗಿದ ಅಕ್ಕ, ತಟ್ಟೆಯ ಮುಂದೆ ಮೇಷ್ಟ್ರು, ಇಬ್ಬರೂ ಕಣ್ಣಿಗೆ ಕಟ್ಟಿದರು.

ಎಂಬತ್ತರ ದಶಕದ ನಡುವೆ ಮೇಷ್ಟ್ರ ಕಾಲಿನ ಹೆಬ್ಬೆರಳಿಗೆ ಕಲ್ಲು ತಾಗಿದ್ದು ಮಾಯಲಿಲ್ಲ. ಬೆರಳು ತೆಗೆದರು, ಆಮೇಲೆ ಪಾದ. ಆಸ್ಪತ್ರೆಗೆ ನಾನು ಕಿತ್ತಳೆ ತೆಗೆದುಕೊಂಡು ಹೋದೆ. ಸಕ್ಕರೆ ಕಾಯಿಲೆಯವನಿಗೆ ಹಣ್ಣು ತಂದಿದ್ದೀಯಲ್ಲ, ಪಿಯುಸಿ ಫೇಲೇನಮ್ಮ ನೀನು ಅಂತ ಬೈದರು. ಆ ನಾಲಿಗೆ ಇನ್ನೂ ಇತ್ತು. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು.

“ಸಾಯ್ಲಿ ಅಂತ ಇರ್ಲಿಲ್ಲ ಕಣಮ್ಮ. ಬೆಳಗ್ಗೆ ಹಸ ಒದ್ದಾಡ್ಬೇಕು, ಅವಳು ಬಂದು ನನ್ನ ಕೇಳ್ಬೇಕು, ನಾನು ಸೋಡ ಕುಡಿಸಿ ಉಳಿಸ್ಬೇಕು. ಅಷ್ಟು ಟೈಮು ಅದೆ ಅಂದ್ಕಂಡಿದ್ದೆ. ಹುಲ್ಲಿನ ಲೆಕ್ಕ ಹಾಕ್ದೆ. ಅದು ಅನ್ನ ಅಲ್ವಾ...”

ಜೀವಮಾನವೆಲ್ಲ ನಿಧಾನವನ್ನೇ ಓದಿದವರು. ಬಿಗಿದ ಸರ ಎಷ್ಟು ಹೊತ್ತಿಗೆ ಬಿಚ್ಚುತ್ತದೆ, ಯಾಕೆ ತಡ, ಎಲ್ಲ ಗೊತ್ತಿತ್ತು. ಬೆಂದ ಅನ್ನಕ್ಕೆ ತಡೆಯುವ ಅಂಟೂ ಇಲ್ಲ, ಬಿಗಿಯೂ ಇಲ್ಲ, ಎಲ್ಲಿ ಹಿಡಿದರೂ ತುದಿ ಅಂತ ನನಗೆ ಹೇಳಿಕೊಟ್ಟವರೇ ಅವರು. ಆದರೆ ಅಕ್ಕನನ್ನು ಸೋಲಿಸುವ ಆಸೆಯಲ್ಲಿ ಅದೊಂದನ್ನೇ ಮರೆತಿದ್ದರು. ಇದನ್ನು ಅಕ್ಕನಿಗೆ ಹೇಳಲೇ ಅಂದೆ. ಬೇಡ ಅಂದರು. ನನ್ನ ಮೇಲಿನ ಸಿಟ್ಟೂ ಹೋದರೆ ಅವಳ ಕೈಯಲ್ಲಿ ಇನ್ನೇನು ಉಳಿಯುತ್ತೆ, ಅಂದರು. ಆ ಮಳೆಗಾಲ ದಾಟಲಿಲ್ಲ ಅವರು.

ಹನ್ನೊಂದನೆಯ ದಿನದ ತಿಥಿ. ಎಡೆ ಇಟ್ಟು ಮುಗಿಸಿ, ಹಸುವಿಗೆ ಅನ್ನ ಹಾಕುವ ಶಾಸ್ತ್ರಕ್ಕೆ ಯಾರದೋ ಮನೆಯ ಹಸು ಹಿಡಿದು ತಂದಿದ್ದರು. ಊರಿಂದ ಬಂದ ಹಿರಿಯರೊಬ್ಬರು ಎಲೆಯ ತುಂಬ ಅನ್ನ ಪಾಯಸ ಬಡಿಸಿ ಅಕ್ಕನ ಕೈಗೆ ಕೊಟ್ಟರು. ಅಕ್ಕ ಎಲೆಯನ್ನು ಕೆಳಗಿಟ್ಟರು. ಹಿತ್ತಲಿಗೆ ಹೋಗಿ, ಬೆಳಗ್ಗೆಯೇ ಎಲ್ಲಿಂದಲೋ ಕೊಯ್ದು ತಂದಿದ್ದ ಹಸಿ ಹುಲ್ಲು ಒಂದು ತೆಕ್ಕೆ ತಂದು ಹಸುವಿನ ಮುಂದೆ ಹಾಕಿದರು. ಹಿರಿಯರು ಮುಖ ಕಿವುಚಿ, ಸತ್ತೋನ ಹೆಸರಲ್ಲಿ ಅನ್ನ ಬುಟ್ಟು ಹುಲ್ಲು ಹಾಕ್ತಾರೇನವ್ವ, ಅಂದರು.

“ಅವನು ಹೇಳಿದ್ದ,” ಅಂದರು ಅಕ್ಕ. “ಹಸೀಗೆ ಹುಲ್ಲು.”

ಅಷ್ಟೇ. ಇಷ್ಟು ವರ್ಷದಲ್ಲಿ ತಮ್ಮನ ಮಾತು ಅವರ ಬಾಯಲ್ಲಿ ಬಂದದ್ದು ಅದೊಂದು ಸಲ, ಅದೂ ಕೇಳಿಸಿಕೊಳ್ಳಬೇಕಾದವರು ಇಲ್ಲದಾಗ. ಬಂದವರೆಲ್ಲ ಊಟಕ್ಕೆ ಎದ್ದರೂ ಅಕ್ಕ ಏಳಲಿಲ್ಲ. ಹಸು ಹುಲ್ಲು ಮುಗಿಸಿ, ಮಲಗಿ, ಮೆಲುಕು ಶುರುಮಾಡುವ ತನಕ ಅದರ ಎದುರಿಗೇ ಕೂತಿದ್ದರು. ಆಮೇಲೆ ಅತ್ತರು. ಅಕ್ಕನೂ ಹೋಗಿ ಎಷ್ಟೋ ಕಾಲವಾಯಿತು. ಆ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನಾವೂ ಆ ಬೀದಿ ಬಿಟ್ಟೆವು.

ಮಂಟಪದ ಹಿಂಬಾಗಿಲಲ್ಲಿ ಟಬ್ಬನ್ನು ತಳ್ಳುಗಾಡಿಗೆ ಎತ್ತಲು ಒಬ್ಬ ಬಗ್ಗಿದ. ನಾನು ಹೇಳಿದೆ. ಒಂದು ಹಿಡಿ ಸಾಕಪ್ಪ, ಇಷ್ಟು ಹಾಕಿದರೆ ಹಸು ಉಳಿಯಲ್ಲ ಅಂತ ಎಷ್ಟು ನಿಧಾನವಾಗಿ ಹೇಳಬಹುದೋ ಅಷ್ಟು ನಿಧಾನವಾಗಿ ಹೇಳಿದೆ. ಅವನು ಒಳ್ಳೆಯವನೇ, ನಕ್ಕ. “ಅನ್ನ ತಿಂದು ಯಾರಾರ ಸಾಯ್ತಾರಾ ಅಜ್ಜಿ? ಪುಣ್ಯ ಬತ್ತದೆ, ಬುಡಿ.”

ಟಬ್ಬಿನ ಅಂಚಿಗೆ ಎರಡೂ ಕೈ ಹಾಕಿ ಮೊಣಕಾಲು ಕೊಟ್ಟು ನೂಕಿದೆ. ಈ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ. ಅನ್ನವೆಲ್ಲ ಚರಂಡಿಗೆ ಹೋಯಿತು. ಆಮೇಲೆ ಆಗಬೇಕಾದ್ದೆಲ್ಲ ಆಯಿತು. ತಂಗಿ ಬಂದು ತಲೆ ಚಚ್ಚಿಕೊಂಡಳು, ಮದುವೆ ದಿನ ಅನ್ನಪೂರ್ಣೆಯನ್ನು ಮೋರಿಗೆ ಚೆಲ್ಲಿದಳಲ್ಲ ಅಂತ. ಬೀಗರ ಕಡೆಯವರು, ವಯಸ್ಸಾದ ಮೇಲೆ ಹೀಗೇ, ಮಾತ್ರೆ ಏನಾದರೂ ಕೊಡುತ್ತೀರಾ ಅಂತ ಮೆಲ್ಲಗೆ ವಿಚಾರಿಸಿದರು.

ಬೇಲಿ ದಾಟಿ ಆ ತೋಟದ ಮನೆಗೆ ಹೋದೆ. ತೆಂಗಿನ ನೆರಳಲ್ಲಿ ಹಸು ಮಲಗಿತ್ತು. ಹಿಂದಿನ ಹೊತ್ತು ತಿಂದ ಹುಲ್ಲನ್ನು ಬಾಯಿಗೆ ತಂದುಕೊಂಡು ಅಗಿಯುತ್ತಿತ್ತು. ಕಡಿದು ಉರುಳಿಸಿದ್ದ ಒಂದು ತೆಂಗಿನ ಮರದ ಮೇಲೆ ಕೂತೆ. ಸೀರೆಯ ಅಂಚಿಗೆ ಪಾಯಸ ಹತ್ತಿ ಅದೇ ವಾಸನೆ ಬರುತ್ತಿತ್ತು. ಮೇಷ್ಟ್ರು ಇದ್ದಿದ್ದರೆ, ಚೆಲ್ಲುವುದಕ್ಕೆ ಇಷ್ಟು ಹೊತ್ತು ಬೇಕಿತ್ತಾ ಅಂತ ಬೈಯುತ್ತಿದ್ದರು. ಅಕ್ಕ ಇದ್ದಿದ್ದರೆ, ಅನ್ನ ಚೆಲ್ಲಿದ್ದಕ್ಕೆ ಬೈಯುತ್ತಿದ್ದರು, ಬೈದ ಮೇಲೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು... ಬೈಯುವವರು ಇಬ್ಬರೂ ಇಲ್ಲ. ಹಸು ಮಾತ್ರ ತನ್ನ ಪಾಡಿಗೆ ತಾನು, ನಿಧಾನವಾಗಿ, ಮೆಲುಕು ಹಾಕುತ್ತಿತ್ತು.